ಊರು ಬಿಟ್ಟವರನ್ನು ಹುಡುಕುವ ದಾರಿಗಳು

ಸುವರ್ಣ ಮಹೋತ್ಸವ ಸಮಿತಿಯ ಹಿರಿಯರು ಕಳೆದ ವರ್ಷ ನನಗೆ ಬೆಂಗಳೂರಿಗೆ ಫೋನ್ ಮಾಡಿ, "ನೀ ಕಂಪ್ಯೂಟರ್ ಇಂಜಿನಿಯರ್ ಅದಿ. ನಮ್ಮ ಸಾಲಿ ಮೊದಲನೇ ಬ್ಯಾಚಿನವ್ರು ಈಗ ಎಲ್ಲೆಲ್ಲಿ ಅದಾರ ಹುಡುಕಿ ಕೊಡು" ಎಂದರು. ನಾನು ಒಪ್ಪಿಕೊಂಡೆ. ಬಿ.ಇ. ಮುಗಿಸಿದ ಮೇಲೆ ಹತ್ತು ಹನ್ನೆರಡು ವರ್ಷ ನಾನು ಮಾಡಿದ ಕೆಲಸವೇ ಅದು. ಲಕ್ಷಾಂತರ ದಾಖಲೆಗಳ ನಡುವೆ ಬೇಕಾದ ಒಂದನ್ನು ಹುಡುಕಿ ತೆಗೆಯುವ ಪ್ರೋಗ್ರಾಂ ಬರೆಯುವುದು. ಒಂದು ತರಗತಿಯ ಮಕ್ಕಳನ್ನು ಹುಡುಕಲು ಎರಡು ರವಿವಾರ ಸಾಕು ಎಂದುಕೊಂಡಿದ್ದೆ. ಹನ್ನೊಂದು ತಿಂಗಳು ಹಿಡಿಯಿತು, ಇನ್ನೂ ಮುಗಿದಿಲ್ಲ. ಹುಡುಕುತ್ತಾ ಹೋದಂತೆ, ಕಣ್ಮರೆಯಾದವರನ್ನು ಕಂಡುಹಿಡಿಯಲು ನಮ್ಮ ಭಾಗದಲ್ಲಿ ಎಷ್ಟು ಹಳೆಯ ಪದ್ಧತಿಗಳಿವೆ, ಅವು ಯಾರನ್ನು ಹಿಡಿದುಕೊಡುತ್ತವೆ, ಯಾರನ್ನು ಕೈಬಿಡುತ್ತವೆ ಎಂಬುದು ಸ್ವಲ್ಪ ಸ್ವಲ್ಪ ತಿಳಿಯಿತು. ಅದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕೈಗೆ ಬಂದದ್ದು ಶಾಲೆಯ ಜನರಲ್ ರಜಿಸ್ಟರ್. ಮುಖ್ಯ ಗುರುಗಳ ಅನುಮತಿ ಪಡೆದು, ಅವರ ಕೋಣೆಯಲ್ಲೇ ಕುಳಿತು ಓದಿದೆ. ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ಊರು, ಹುಟ್ಟಿದ ದಿನಾಂಕ, ಹಿಂದಿನ ಶಾಲೆ, ಶಾಲೆ ಬಿಟ್ಟ ದಿನಾಂಕ, ಬಿಟ್ಟ ಕಾರಣ, ಶೇರಾ. ನೀಲಿ ಶಾಯಿಯ ಅಕ್ಷರಗಳು ಇಂದಿಗೂ ಸ್ಪಷ್ಟವಾಗಿವೆ. ಆದರೆ ಹುಡುಕುವವನ ಕಣ್ಣಿನಿಂದ ನೋಡಿದರೆ ಮೊದಲ ನಿರಾಸೆ ಅಲ್ಲೇ ಕಾದಿತ್ತು. ಹೆಚ್ಚಿನವರ ಹುಟ್ಟಿದ ದಿನಾಂಕ ಜೂನ್ 1! ಈ ಲೇಖನ ಓದುವವರಲ್ಲಿಯೂ ಜೂನ್ 1ರಂದು ಹುಟ್ಟಿದವರು ಬಹಳ ಜನ ಇದ್ದೀರಿ, ನಿಮಗೆ ಕಾರಣ ಹೇಳಬೇಕಾಗಿಲ್ಲ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ಆ ಮಕ್ಕಳೆಲ್ಲ ಅದಕ್ಕಿಂತ ಮೊದಲು ಹುಟ್ಟಿದವರು. ಒಂದನೇ ಇಯತ್ತೆಗೆ ಸೇರಿಸುವಾಗ ಮಾಸ್ತರರು ಕೂಸಿನ ಕೈಯನ್ನು ತಲೆಯ ಮೇಲಿಂದ ಬಳಸಿ ಕಿವಿ ಮುಟ್ಟಿಸಿ ವಯಸ್ಸು ಬರೆದುಕೊಂಡರು. ಬ್ಯಾಂಕಿನವರಿಗೆ, ಪಾಸ್‌ಪೋರ್ಟಿನವರಿಗೆ ಜನ್ಮ ದಿನಾಂಕದಿಂದ ಮನುಷ್ಯ ಸಿಗುತ್ತಾನೆ. ನಮ್ಮಲ್ಲಿ ಅದರಿಂದ ಇಡೀ ತರಗತಿಯೇ ಸಿಗುತ್ತದೆ.

ಎರಡನೆಯದು ವಿಳಾಸ. ನಮ್ಮ ಹಿರಿಯರು ಪತ್ರದ ಮೇಲೆ 'ಮು. ಪೋ. ಅಮೀನಗಡ, ತಾ. ಹುನಗುಂದ, ಜಿ. ಬಿಜಾಪುರ' ಎಂದು ಬರೆದರೆ ಮುಗಿಯಿತು, ಉಳಿದದ್ದು ಪೋಸ್ಟಮನ್‌ನ ತಲೆಯಲ್ಲಿತ್ತು. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಮುಂದೆ 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಮನೆ ಬಿಟ್ಟು ಕದಲದವನ ವಿಳಾಸವೂ ಬದಲಾಯಿತು. ಇದಕ್ಕಿಂತ ದೊಡ್ಡದು ನೀರಿನ ಕಥೆ. ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಹಾಕಿದ ಅಣೆಕಟ್ಟು ತುಂಬಿದಾಗ ಹಳೇ ಬಾಗಲಕೋಟೆಯ ಓಣಿಗಳೇ ಮುಳುಗಿ, ಜನ ನವನಗರದ ಸೆಕ್ಟರುಗಳಿಗೆ ಹೋದರು. ನಾರಾಯಣಪುರದ ಹಿನ್ನೀರು ಕೂಡಲಸಂಗಮದವರೆಗೆ ಬಂದು ನಮ್ಮ ತಾಲೂಕಿನ, ಮುದ್ದೇಬಿಹಾಳ ತಾಲೂಕಿನ ಹಳ್ಳಿಗಳನ್ನು ಏರಿಗೆ ಎತ್ತಿತು. 2009ರ ನೆರೆಯ ನಂತರ ಮತ್ತೆ ಕೆಲವು ಊರುಗಳು 'ಆಸರೆ' ಮನೆಗಳಿಗೆ ಸರಿದವು. ರಜಿಸ್ಟರಿನಲ್ಲಿ 'ಹುಟ್ಟಿದ ಊರು' ಎಂದಿದ್ದ ಕೆಲವು ಊರುಗಳು ಇಂದು ಹೆಸರನ್ನು ಮಾತ್ರ ಹೊತ್ತು ಬೇರೆ ಕಡೆ ಕುಳಿತಿವೆ.

ಹೆಸರುಗಳ ವಿಷಯ ನನ್ನ ವೃತ್ತಿಗೆ ಹತ್ತಿರವಾದದ್ದು, ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮಲ್ಲಿ ಅಡ್ಡಹೆಸರು ಬಹಳ ಸಲ ಊರಿನಿಂದ ಬರುತ್ತದೆ. ಆದರೆ ಅದು ಇರುವ ಊರಲ್ಲ, ಬಿಟ್ಟು ಬಂದ ಊರು. ಅಮೀನಗಡ ಎಂಬ ಅಡ್ಡಹೆಸರಿನವರು ಅಮೀನಗಡದಲ್ಲಿ ಯಾಕೆ ಇರುತ್ತಾರೆ? ಅವರು ಸಿಗುವುದು ಬೇರೆ ಊರುಗಳಲ್ಲಿ. ನಮ್ಮೂರಿನಲ್ಲಿ ಇರುವವರು ಬೇರೆ ಊರುಗಳ ಹೆಸರಿನವರು. ಊರು ಬಿಟ್ಟ ಮೇಲೆ ಊರೇ ಹೆಸರಾಗುವುದು ಇಲ್ಲಿ ಸಾವಿರ ವರ್ಷದ ರೂಢಿ. ಪಕ್ಕದ ಐಹೊಳೆಯ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕರ ಶಾಸನಗಳು ತಮಿಳುನಾಡಿನಲ್ಲಿ, ಶ್ರೀಲಂಕಾದಲ್ಲಿ ಸಿಕ್ಕಿವೆ. ಸಮುದ್ರದಾಚೆ ಸುಮಾತ್ರಾದ ಬಾರುಸ್ ಎಂಬಲ್ಲಿ 1088ರ ತಮಿಳು ಶಾಸನವೊಂದರಲ್ಲಿಯೂ ಅವರ ಹೆಸರಿದೆ. ಆ ಸಂಘದವರೆಲ್ಲ ಐಹೊಳೆಯವರೇ ಆಗಿರಲಿಲ್ಲ. ಆದರೂ ಹೆಸರು ಮಾತ್ರ ಅಷ್ಟು ದೂರ ಹೋಯಿತು.

ಇನ್ನು ಕಂಪ್ಯೂಟರಿಗೆ ಬಂದರೆ, ಅಲ್ಲಿ ನಮ್ಮ ಹೆಸರುಗಳು ಇಂಗ್ಲಿಷ್ ಲಿಪಿಯಲ್ಲಿ ಬಾಯಿಗೆ ಬಂದಂತೆ ಇವೆ. ಅಮೀನಗಡ, ಅಮಿನಗಡ, ಅಮೀನ್‌ಗಡ್ ಎಲ್ಲವೂ ಬೇರೆ ಬೇರೆ ಎಂದೇ ಯಂತ್ರ ತಿಳಿಯುತ್ತದೆ. ಈ ತೊಂದರೆಗೆ ಅಮೆರಿಕದ ರಾಬರ್ಟ್ ರಸೆಲ್ ಎಂಬಾತ 1918ರಲ್ಲಿಯೇ ಒಂದು ಉಪಾಯಕ್ಕೆ ಪೇಟೆಂಟ್ ಪಡೆದಿದ್ದ. ಅದೇ ಬೆಳೆದು ಸೌಂಡೆಕ್ಸ್ ಎಂದಾಯಿತು. ಮೊದಲಕ್ಷರ ಇಟ್ಟುಕೋ, ಸ್ವರಗಳನ್ನು ಬಿಡು, ಒಂದೇ ಬಗೆಯಲ್ಲಿ ಕೇಳಿಸುವ ವ್ಯಂಜನಗಳಿಗೆ ಒಂದೇ ಅಂಕಿ ಕೊಡು. ಹಾಗೆ ಮಾಡಿದರೆ ಅಮೀನಗಡವನ್ನು ಹೇಗೆ ಬರೆದರೂ 'ಎ 552' ಎಂದೇ ಬರುತ್ತದೆ, ಹುನಗುಂದ 'ಎಚ್ 525'. 1930ರ ದಶಕದಲ್ಲಿ ಅಮೆರಿಕದವರು ಹಳೆಯ ಜನಗಣತಿಯ ಹಾಳೆಗಳಿಗೆ ಇದೇ ರೀತಿ ಸೂಚಿ ಮಾಡಿದರು. ಹೊಸದಾಗಿ ಬಂದ ಪಿಂಚಣಿಗೆ ಮುದುಕರು ತಮ್ಮ ವಯಸ್ಸು ತೋರಿಸಬೇಕಿತ್ತು, ಹುಟ್ಟಿದ ದಾಖಲೆ ಇರಲಿಲ್ಲ. ಅವರಿಗೂ ಒಂದು ಬಗೆಯ ಜೂನ್ 1ರ ಸಮಸ್ಯೆಯೇ. ನಾನು ಇದೇ ಉಪಾಯವನ್ನು ನಮ್ಮ ರಜಿಸ್ಟರಿಗೆ ಹೊಂದಿಸಿ, ಮತದಾರರ ಪಟ್ಟಿಗಳ ಜೊತೆ ತಾಳೆ ನೋಡಿದೆ. ಒಂದು ಸಂಗಪ್ಪನಿಗೆ ನೂರಾರು ಸಂಗಪ್ಪಗಳು ಬಂದರು. ಕೂಡಲಸಂಗಮನ ನಾಡಿನಲ್ಲಿ ಬೇರೆ ಏನಾಗಬೇಕು?

ಇಷ್ಟರಲ್ಲಿ ವಾಟ್ಸಾಪ್ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಿಕ್ಕಿಬಿಟ್ಟಿದ್ದರು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಸಿಕ್ಕವರು ಎಂಥವರು ಎಂದು ನೋಡಿದೆ. ಮಾಸ್ತರರಾಗಿ, ಪೊಲೀಸರಾಗಿ, ಬ್ಯಾಂಕಿನಲ್ಲಿ ದುಡಿದು ಪಿಂಚಣಿ ಪಡೆಯುತ್ತಿರುವವರು. ಹೊಲ ಇದ್ದವರು. ಊರಲ್ಲೇ ಅಂಗಡಿ ಇಟ್ಟವರು. ಕೈಗೆ ಸಿಗದೆ ಉಳಿದವರು ಹೊಲ ಇಲ್ಲದವರು, ಗುಳೆ ಹೋದವರು, ಮತ್ತು ಹೆಣ್ಣುಮಕ್ಕಳು.

ನನ್ನ ಪ್ರೋಗ್ರಾಂ ನಿಂತಲ್ಲಿ ಅವ್ವ ಒಂದು ಮಾತು ಹೇಳಿದಳು, "ಹೆಳವರ್ನ ಕೇಳು."

ಹೆಳವರು ಎತ್ತಿನ ಮೇಲೆ ಬರುತ್ತಿದ್ದುದನ್ನು ನಮ್ಮ ವಯಸ್ಸಿನವರು ಸಣ್ಣವರಿದ್ದಾಗ ನೋಡಿದ್ದೇವೆ. ಈಗ ಮೋಟರ್ ಸೈಕಲ್ ಮೇಲೂ ಬರುತ್ತಾರೆ. ಒಂದೊಂದು ಹೆಳವರ ಮನೆತನಕ್ಕೆ ಇಂತಿಷ್ಟು ಊರು, ಇಂತಿಷ್ಟು ಮನೆ ಎಂದು ಹಂಚಿಕೆ ಇರುತ್ತದೆ. ಕೆಲವು ವರ್ಷಗಳಿಗೊಮ್ಮೆ ಬಂದು ಆ ಮನೆಯ ವಂಶಾವಳಿಯನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳು ಬಟ್ಟೆ ಹಣ ಪಡೆದು ಹೋಗುತ್ತಾರೆ. ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗ್ಗೆ 1909ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿಯೂ ಇವರು ಬರುತ್ತಾರೆ. ಕಾಲುಗಳನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಎತ್ತಿನ ಮೇಲೆ ಕುಳಿತು ಬಂದು, ಮನೆಮನೆಯ ಚರಿತ್ರೆಯನ್ನೂ ಯುದ್ಧದಲ್ಲಿ ಮಡಿದ ವೀರರ ಹೆಸರನ್ನೂ ಹೇಳುವವರು, ಊರಿನ ಇತಿಹಾಸ ಕಾಯುವವರು ಎಂದು ಆತ ಬರೆದಿದ್ದಾನೆ. ಹರಿದ್ವಾರದ ಪಂಡಾಗಳ ಬಳಿ ಇರುವ ವಂಶಾವಳಿ ವಹಿಗಳು ಜಗತ್ಪ್ರಸಿದ್ಧ, ಅಮೆರಿಕದ ವಂಶಾವಳಿ ಸಂಸ್ಥೆಯೊಂದು ಬಂದು ಅವುಗಳನ್ನು ಮೈಕ್ರೋಫಿಲ್ಮ್ ಮಾಡಿಕೊಂಡು ಹೋಗಿದೆ. ಆದರೆ ಅಲ್ಲಿಗೆ ನಾವೇ ಹೋಗಬೇಕು. ಹೆಳವರು ನಮ್ಮ ಹೊಸ್ತಿಲಿಗೆ ಬರುತ್ತಾರೆ. ಮನೆತನ ಊರು ಬಿಟ್ಟು ಹೋಗಿದ್ದರೆ ಹೋದ ಊರಿಗೆ ಹುಡುಕಿಕೊಂಡು ಹೋಗುತ್ತಾರೆ. ಅವರ ಹೊಟ್ಟೆಪಾಡು ಅದರ ಮೇಲೆ ನಿಂತಿದೆ. ಹುಡುಕುವ ಕೆಲಸವನ್ನೇ ಕಸುಬು ಮಾಡಿಕೊಂಡವರು ನನಗಿಂತ ಬಹಳ ಹಿಂದೆಯೇ ಇದ್ದರು ಎಂದು ಆಗ ಹೊಳೆಯಿತು.

ನಮ್ಮ ಮನೆಗೆ ಬಂದ ಹೆಳವರು ಏಳು ತಲೆಮಾರು ಹೇಳಿದರು. ಒಬ್ಬ ಮುತ್ತಜ್ಜನ ಹೆಸರು ಬಂದಾಗ, "ಬರದಾಗ ಘಟ್ಟದ ಕೆಳಗ ಹ್ವಾದ, ತಿರುಗಿ ಬರಲಿಲ್ಲ" ಎಂದು ಒಂದು ಉಸಿರಿಗೆ ಹೇಳಿ ಮುಂದಿನ ಹೆಸರಿಗೆ ಹೋದರು. ಯಾವ ಬರ ಎಂದು ಅವರ ಪುಸ್ತಕ ಹೇಳಲಿಲ್ಲ. ತಲೆಮಾರು ಎಣಿಸಿದರೆ 1876–78ರದೇ ಇರಬಹುದು ಎಂದು ನನ್ನ ಊಹೆ. ನಮ್ಮ ಜಿಲ್ಲೆಗೆ ಆಗ ಕಲಾದಗಿ ಜಿಲ್ಲೆ ಎಂದು ಹೆಸರು. 1872ರ ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಐದನೇ ಒಂದು ಪಾಲಿನಷ್ಟು ಇಳಿಯಿತು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂದು ಆ ಅಂಕಿಯಿಂದ ಬೇರ್ಪಡಿಸಲು ಬರುವುದಿಲ್ಲ. ಸರಕಾರದ ಪುಸ್ತಕದಲ್ಲಿ ಅವರು ಒಂದು ವ್ಯತ್ಯಾಸ. ಹೆಳವರ ಪುಸ್ತಕದಲ್ಲಿ ಅವರಲ್ಲೊಬ್ಬನಿಗೆ ಹೆಸರು ಇತ್ತು.

ಅಷ್ಟು ಕೇಳಿ ಹಿಗ್ಗಿದ ನಾನು, "ನಮ್ಮ ಅತ್ತೆಯರ ಹೆಸರು ಓದ್ರಿ" ಎಂದೆ. ಅಜ್ಜನಿಗೆ ಮೂವರು ಹೆಣ್ಣುಮಕ್ಕಳು. ಹೆಳವರು ನಕ್ಕು, "ಅವ್ರು ಕೊಟ್ಟ ಮನ್ಯಾಗ ಬರ್ತಾರಪಾ" ಎಂದರು. ಕೊಟ್ಟ ಮನೆಯ ಪುಸ್ತಕ ಬೇರೆ ಹೆಳವರ ಬಳಿ.

ಸರಕಾರದ ಪುಸ್ತಕಗಳೂ ಇದರಲ್ಲಿ ಹೆಚ್ಚು ಬೇರೆಯಲ್ಲ. ಜನಗಣತಿಯ ಮನೆಮನೆಯ ಹಾಳೆಗಳನ್ನು ನೋಡುವಂತಿಲ್ಲ, 1948ರ ಕಾಯ್ದೆ ಅವುಗಳನ್ನು ಗುಪ್ತವಾಗಿಟ್ಟಿದೆ. ಅದು ಸರಿಯೇ. ಪಹಣಿ ನೋಡಬಹುದು. ಮೊದಲು ಕುಲಕರ್ಣಿಯ ದಫ್ತರದಲ್ಲಿ, ಆಮೇಲೆ ತಲಾಟಿಯ ಕೈಯಲ್ಲಿ ಇದ್ದ ಆ ದಾಖಲೆಗಳು 'ಭೂಮಿ' ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದವು. ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು. ಆದರೆ ಹೊಲ ಯಾರ ಹೆಸರಿನಲ್ಲಿ ಇರುತ್ತದೆ ಎಂಬುದು ನಮಗೆಲ್ಲ ಗೊತ್ತು. ಮತದಾರರ ಪಟ್ಟಿಯ ಕಥೆ ಇನ್ನೂ ವಿಚಿತ್ರ. 1951–52ರ ಮೊದಲ ಸಾರ್ವತ್ರಿಕ ಚುನಾವಣೆಗೆ ಪಟ್ಟಿ ಮಾಡುವಾಗ ದೇಶದ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು, ಬಹುಪಾಲು ಉತ್ತರ ಭಾರತದವರು, ಪಟ್ಟಿಯಿಂದ ಹೊರಗುಳಿದರು. ಮುಂದಿನ ಚುನಾವಣೆಯ ಹೊತ್ತಿಗೆ ಹೆಸರು ಹೇಳುವುದು ರೂಢಿಗೆ ಬಂತು. ನಮ್ಮ ಕಡೆ ಅಷ್ಟು ತೊಂದರೆ ಆಗಲಿಲ್ಲ ಎನ್ನಬೇಕು. ಆದರೂ ಪಟ್ಟಿಯಲ್ಲಿ ಹೆಣ್ಣುಮಗಳ ಹೆಸರಿನ ಪಕ್ಕ ಗಂಡನ ಹೆಸರು ಇರುತ್ತದೆ, ಶಾಲೆಯ ರಜಿಸ್ಟರಿನಲ್ಲಿ ತಂದೆಯ ಹೆಸರು. ಎರಡನ್ನೂ ಜೋಡಿಸುವ ಸೇತುವೆ ಯಾವ ಪುಸ್ತಕದಲ್ಲಿಯೂ ಇಲ್ಲ.

ಗುಳೆ ಹೋದವರಲ್ಲಿ ಒಬ್ಬರು ಸಿಕ್ಕದ್ದು ನಮ್ಮೂರ ಕುರಿ ಸಂತೆಯಲ್ಲಿ. ನಾನಲ್ಲ, ನಮ್ಮ ಚಿಕ್ಕಪ್ಪ ವಿಚಾರಿಸಿದ್ದು. ಸಂತೆಗೆ ದೂರದ ಊರುಗಳಿಂದ ವ್ಯಾಪಾರಿಗಳು ಬರುತ್ತಾರೆ. "ಯಾರ ಪೈಕಿ?" ಎಂಬ ಒಂದು ಪ್ರಶ್ನೆಯಿಂದ ಮಾತು ಶುರುವಾಗಿ ನಾಲ್ಕನೆಯವನ ಹತ್ತಿರ ಉತ್ತರ ಬಂತು. ಗೋವಾದ ವಾಸ್ಕೋ, ಝುವಾರಿನಗರದ ಕಡೆ ನಮ್ಮ ಜಿಲ್ಲೆಗಳ ಜನ ಎಷ್ಟಿದ್ದಾರೆ ಎಂದು ಹೋಗಿ ನೋಡಿದವರಿಗೆ ಗೊತ್ತು. ಅಮೆರಿಕದ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬ ವಿದ್ವಾಂಸ 1967ರಲ್ಲಿ, ಗುರುತಿನವರ ಕೈಯಿಂದ ಕೈಗೆ ದಾಟಿಸಿದರೆ ಒಂದು ಲಕೋಟೆ ಅಪರಿಚಿತನನ್ನು ಎಷ್ಟು ಕೈಗಳಲ್ಲಿ ಮುಟ್ಟೀತು ಎಂದು ಪ್ರಯೋಗ ಮಾಡಿ ಹೆಸರಾದ. ಮುಟ್ಟಿದ ಲಕೋಟೆಗಳು ಸುಮಾರು ಆರು ಕೈಗಳಲ್ಲಿ ಮುಟ್ಟಿದವು, ಬಹಳಷ್ಟು ಮುಟ್ಟಲೇ ಇಲ್ಲ. ಸಂತೆಯಲ್ಲಿ ನಮಗೆ ನಾಲ್ಕೇ ಸಾಕಾಯಿತು.

ಇನ್ನೊಬ್ಬರು ಸಿಕ್ಕರು, ಆದರೆ ಸಿಗಲು ಅವರಿಗೆ ಇಷ್ಟವಿರಲಿಲ್ಲ. ಫೋನಿನಲ್ಲಿ ಶಾಲೆಯ ಹೆಸರು ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, "ನಾ ಸಿಕ್ಕಿಲ್ಲಂತ ಬರಕೋರಿ" ಎಂದರು. ನಾನು ಹಾಗೆಯೇ ಬರೆದುಕೊಂಡು ನಂಬರನ್ನು ಅಳಿಸಿದೆ. ಸಮಿತಿಯವರಿಗೆ ಇದು ಸರಿಬೀಳಲಿಲ್ಲ. ನನಗೆ ಈಗಲೂ ನಾನು ಮಾಡಿದ್ದೇ ಸರಿ ಎನಿಸುತ್ತದೆ.

ಮೊದಲ ಬ್ಯಾಚಿನಲ್ಲಿ ಹೆಣ್ಣುಮಕ್ಕಳು ಐದು ಜನ. ಅವ್ವ ಎರಡನೆಯ ಮಾತು ಹೇಳಿದಳು, "ಪಂಚಮಿಗೆ ಬಾ." ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಣ್ಣ ತಮ್ಮಂದಿರು ಹೋಗಿ ಕರೆತರುತ್ತಾರೆ, ಜೋಕಾಲಿ ಕಟ್ಟುತ್ತಾರೆ, ಉಂಡಿ ಮಾಡುತ್ತಾರೆ. ಯಾವ ರಜಿಸ್ಟರಿಗೂ ಸಿಗದವರು ಆ ಮೂರು ನಾಲ್ಕು ದಿನ ತಾವೇ ಊರಲ್ಲಿರುತ್ತಾರೆ. ನಾನು ರಜೆ ಹಾಕಿ ಬಂದೆ. ಎರಡೇ ದಿನಗಳಲ್ಲಿ ಮೂವರು ಸಿಕ್ಕರು. ಒಬ್ಬರು ನಮ್ಮ ಓಣಿಯ ಹಿಂದಿನ ಮನೆಯಲ್ಲೇ ಮೊಮ್ಮಗಳನ್ನು ಜೋಕಾಲಿಯಲ್ಲಿ ಕೂರಿಸಿ ತೂಗುತ್ತಿದ್ದರು. ಹನ್ನೊಂದು ತಿಂಗಳ ಕೆಲಸದಲ್ಲಿ ಅಷ್ಟು ಸುಲಭದ ದಿನಗಳು ಬೇರೆ ಬರಲಿಲ್ಲ.

ನಾಲ್ಕನೆಯವರದು ಕಷ್ಟವಾಯಿತು. ತಂದೆ ತಾಯಿ ತೀರಿ ಬಹಳ ವರ್ಷವಾಗಿ ಮನೆ ಮಾರಿದ್ದರು. ತವರೇ ಇಲ್ಲದ ಮೇಲೆ ಪಂಚಮಿಗೆ ಬರುವುದೆಲ್ಲಿಗೆ? ಅಣ್ಣನ ಮಗನೊಬ್ಬ ನವನಗರದಲ್ಲಿದ್ದಾನೆ ಎಂದು ತಿಳಿದು ಹೋದೆ. ಆತನಿಗೆ ಅತ್ತೆಯ ಮುಖದ ನೆನಪೂ ಸರಿಯಾಗಿ ಇರಲಿಲ್ಲ. "ಕಾಗದಪತ್ರ ನೋಡ್ರಿ ಬೇಕಾದ್ರ" ಎಂದು ಟ್ರಂಕ್ ತೆಗೆದ. ಅದರಲ್ಲಿ ಸಿಕ್ಕದ್ದು ಒಂದು ಹಕ್ಕು ಬಿಡುಗಡೆ ಪತ್ರ.

ತಂದೆಯ ಆಸ್ತಿಯಲ್ಲಿ ಮಗಳಿಗೂ ಪಾಲಿದೆ ಎಂದು 1956ರ ಉತ್ತರಾಧಿಕಾರ ಕಾಯ್ದೆ ಹೇಳಿತು. 1994ರಲ್ಲಿ ಕರ್ನಾಟಕ, 2005ರಲ್ಲಿ ಕೇಂದ್ರ ಸರಕಾರ ತಿದ್ದುಪಡಿ ತಂದು ಅದನ್ನು ಇನ್ನಷ್ಟು ಗಟ್ಟಿ ಮಾಡಿದವು. ಪಾಲು ಇದೆ ಎಂದಾದ ಮೇಲೆ, ಅದನ್ನು ಬಿಟ್ಟುಕೊಡಲು ಸಹಿ ಬೇಕಾಯಿತು. ಸಹಿ ಬೇಕೆಂದರೆ ಹೆಣ್ಣುಮಕ್ಕಳು ಎಲ್ಲಿದ್ದಾರೆ ಎಂದು ಹುಡುಕಿ ಕರೆತರಬೇಕಾಯಿತು. ಹೀಗೆ ನಮ್ಮ ಮನೆಗಳ ಟ್ರಂಕುಗಳಲ್ಲಿ, ಅಕ್ಕ ತಂಗಿಯರ ತವರಿನ ಹೆಸರು, ಗಂಡನ ಹೆಸರು, ಕೊಟ್ಟ ಊರು ಎಲ್ಲವೂ ಒಂದೇ ಸಾಲಿನಲ್ಲಿ ಇರುವ ಕಾಗದ ಹುಟ್ಟಿತು. ನಾನು ಯಾವ ಪುಸ್ತಕದಲ್ಲಿಯೂ ಕಾಣದ ಸೇತುವೆ ಅಲ್ಲಿತ್ತು. ಆಕೆ ತನ್ನ ಪಾಲು ಬಿಟ್ಟುಕೊಟ್ಟ ಕಾಗದದಲ್ಲಿ ಮಾತ್ರ ಆಕೆಯ ವಿಳಾಸ ಇತ್ತು.

ಪತ್ರದಲ್ಲಿ ಮೂವರು ಅಕ್ಕ ತಂಗಿಯರು. ಇಬ್ಬರದು ಹೆಬ್ಬೆಟ್ಟು. ಮೂರನೆಯದು ದುಂಡಗಿನ ಅಕ್ಷರದ ಸಹಿ. ಹೆಸರಿನ ಮುಂದೆ 'ಉರ್ಫ್' ಎಂದು ಇನ್ನೊಂದು ಹೆಸರು. ಮದುವೆಯಲ್ಲಿ ಹೆಸರು ಬದಲಿಸಿದ್ದರು. 'ಸಾ.' ಎಂದು ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿ.

ಕರದಂಟಿನ ಡಬ್ಬಿ ಹಿಡಿದು ಹೋದೆ. ಹಳೆಯ ಊರು ಹಿನ್ನೀರಿನಲ್ಲಿ, ಹೊಸ ಊರು ಏರಿಯ ಮೇಲೆ. ರಜಿಸ್ಟರಿನ ಹೆಸರು ಹೇಳಿದರೆ ಅಲ್ಲಿ ಯಾರಿಗೂ ಗೊತ್ತಿಲ್ಲ. ಉರ್ಫ್ ಹೆಸರು ಹೇಳಿದೆ, ಒಬ್ಬ ಹುಡುಗ ಮನೆಯವರೆಗೆ ಬಂದು ಬಿಟ್ಟು ಹೋದ.

ಅವರು ಶೇಂಗಾ ಆರಿಸುತ್ತಾ ಕುಳಿತಿದ್ದರು. ಶಾಲೆಯ ಹೆಸರು ಹೇಳಿ, ಹಳೆಯ ಹೆಸರಿನಿಂದ ಕರೆದೆ. ಕೈ ನಿಂತಿತು. "ಆ ಹೆಸರು ಹಿಡದು ಕರ್ಯಾವ್ರು ಯಾರೂ ಉಳದಿಲ್ಲಪಾ" ಎಂದರು. ಮುಖ್ಯ ಗುರುಗಳ ಒಪ್ಪಿಗೆಯಿಂದ ಮೊಬೈಲಿನಲ್ಲಿ ತೆಗೆದುಕೊಂಡಿದ್ದ ರಜಿಸ್ಟರ್ ಪುಟದ ಫೋಟೋ ತೋರಿಸಿದೆ. ಚಾಳೀಸು ತರಿಸಿಕೊಂಡು, ಪರದೆಯ ಮೇಲೆ ಬೆರಳಿಟ್ಟು ಮೇಲಿನಿಂದ ಒಂದೊಂದೇ ಹೆಸರನ್ನು ಹಾಜರಿ ಹೇಳಿದಂತೆ ಗಟ್ಟಿಯಾಗಿ ಓದಿದರು. ನಡುವೆ ನಿಂತು, "ಇವ್ನು ತೀರಿಕೊಂಡ. ಇವ್ನು ಹುಬ್ಬಳ್ಳ್ಯಾಗ ಅದಾನ, ನಮ್ಮ ನಾದಿನಿ ಮಗನ ಮಾವ" ಎಂದರು. ಆ ಹುಬ್ಬಳ್ಳಿಯವರನ್ನು ನಾನು ಐದು ತಿಂಗಳಿಂದ ಹುಡುಕುತ್ತಿದ್ದೆ.

ತಮ್ಮ ಸಾಲಿಗೆ ಬಂದು ಕೊನೆಯ ಕಾಲಂ ಓದಿದರು. ಬಿಟ್ಟ ಕಾರಣ, 'ಸತತ ಗೈರುಹಾಜರಿ'.

"ಗೈರು ಅಲ್ಲೋ ತಮ್ಮ, ಲಗ್ನ ಮಾಡಿದ್ರು. ಒಂಬತ್ತನೇತ್ತಾ ಪರೀಕ್ಷೆಕ್ಕ ಇಪ್ಪತ್ತು ದಿನ ಇತ್ತು. ಗಣಿತದಾಗ ನಾ ಮೊದಲನೇದಾಕಿ" ಎಂದರು. ಹೆಣ್ಣಿನ ಮದುವೆಯ ಕನಿಷ್ಠ ವಯಸ್ಸು 15ರಿಂದ 18ಕ್ಕೆ ಏರಿದ್ದು 1978ರಲ್ಲಿ, ಅವರ ಮದುವೆ ಅದಕ್ಕಿಂತ ಮೊದಲು. ಸ್ವಲ್ಪ ಹೊತ್ತಿನ ಮೇಲೆ, "ಅದನ್ನ ತಿದ್ದಾಕ ಬರ್ತೈತೇನು?" ಎಂದು ಕೇಳಿದರು.

ಜನರಲ್ ರಜಿಸ್ಟರನ್ನು ಹಾಗೆ ತಿದ್ದಲು ಬರುವುದಿಲ್ಲ. ಮುಖ್ಯ ಗುರುಗಳನ್ನೂ ಕೇಳಿದೆ, ಅವರೂ ಅದನ್ನೇ ಹೇಳಿದರು. ಆದ್ದರಿಂದ ಅವರ ಮಾತನ್ನು ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಈ ಸಂಚಿಕೆಯಲ್ಲಿ ಬರೆದಿದ್ದೇನೆ. ಕಾರ್ಯಕ್ರಮಕ್ಕೆ ಬರುತ್ತೇನೆ ಎಂದಿದ್ದಾರೆ, ಮೊಮ್ಮಗ ಗಾಡಿಯಲ್ಲಿ ಕರೆತರುತ್ತಾನಂತೆ. ಬಂದರೆ ಉಳಿದ ಮೂವರ ಜೊತೆ ಮುಂದಿನ ಸಾಲಿನಲ್ಲಿ ಕೂರಿಸಬೇಕೆಂದು ಸಮಿತಿಗೆ ವಿನಂತಿ.

ಐದನೆಯ ಹೆಣ್ಣುಮಗಳು ಇನ್ನೂ ಸಿಕ್ಕಿಲ್ಲ. ತಂದೆ ಬೇರೆ ಊರಿನಿಂದ ನೇಕಾರಿಕೆಗೆಂದು ಸೂಳೇಭಾವಿಗೆ ಬಂದಿದ್ದವರು, ಎರಡು ವರ್ಷ ಇದ್ದು ಇಳಕಲ್ಲ ಕಡೆಗೆ ಹೋದರು ಎಂದಷ್ಟೇ ಗೊತ್ತು. ಆಕೆ ಎಂಟನೆಯ ಇಯತ್ತೆ ಮಾತ್ರ ನಮ್ಮಲ್ಲಿ ಓದಿದವರು. ಗಂಡುಮಕ್ಕಳಲ್ಲಿ ಒಬ್ಬರು ಬಾಕಿ. ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋದ ಗುಂಪಿನಲ್ಲಿದ್ದರು, ಚೆನ್ನಾಗಿ ಡೊಳ್ಳು ಬಾರಿಸುತ್ತಿದ್ದರು ಎಂದು ಅವರ ಜೊತೆಗಾರರು ಹೇಳುತ್ತಾರೆ. ಇವರಿಬ್ಬರ ಬಗ್ಗೆ ಏನಾದರೂ ತಿಳಿದವರು ಮೊದಲು ಅವರನ್ನೇ ಕೇಳಿ, ಅವರು ಹೂಂ ಎಂದರೆ ಶಾಲೆಯ ಕಚೇರಿಗೆ ತಿಳಿಸಿ.